ಮಸ್ಟಾಂಗ್ ರೆಕ್ಕೆ ಬೋಳಾಗಿದೆ ಅಂತ ಫೋಟೋ ಕಳಿಸಿದ ಎಲ್ಲರಿಗೂ

ಎಲ್ಲ ಗ್ರಾಹಕ ಸ್ನೇಹಿತರಿಗೆ ನಮಸ್ಕಾರ,

ಹೊಸ ಬ್ಯಾಚಿನ 1/48 (ಅಸಲಿಗಿಂತ 48 ಪಟ್ಟು ಚಿಕ್ಕದು) ಪಿ-51ಡಿ ಮಸ್ಟಾಂಗ್ ಕಿಟ್, ಅಂದ್ರೆ ಎರಡನೇ ಮಹಾಯುದ್ಧದ ಅಮೆರಿಕನ್ ಫೈಟರ್ ವಿಮಾನದ ಜೋಡಿಸೋ ಪ್ಲಾಸ್ಟಿಕ್ ಮಾಡೆಲ್, ಕೈಗೆ ಸಿಕ್ಕಿದೋರು ಡಬ್ಬ ಬಿಚ್ಚಿದ ತಕ್ಷಣ ರೆಕ್ಕೆ ಫೋಟೋ ತೆಗೆದು ಕಳಿಸ್ತಿದೀರ, ಹಿಂದಿನ ಅರ್ಧದಲ್ಲಿ ರಿವೆಟ್ (ತಗಡು ಜೋಡಿಸೋ ಮೊಳೆಯ ಗುರುತು) ಇದೆ ಮುಂದಿನ ಅರ್ಧದಲ್ಲಿ ಒಂದೂ ಇಲ್ಲ, ಅಚ್ಚು ಸವೆದು ಹೋಯ್ತಾ, ಡಿಫೆಕ್ಟ್ ಪೀಸ್ ನಮ್ಮ ತಲೆಗೆ ಕಟ್ಟಿದ್ರಾ ಅಂತ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರೆದು ಕೈ ಸೋತಿದೆ, ಅದಕ್ಕೆ ಎಲ್ಲರಿಗೂ ಸೇರಿಸಿ ಒಂದೇ ಪತ್ರ. ಅಚ್ಚು ಸವೆದಿಲ್ಲ. ಬೇಕಂತಲೇ ನಾವೇ ತೆಗೆಸಿದ್ದು. ಆದ್ರೆ ಮುಂಚೇನೇ ಹೇಳ್ಬೇಕಿತ್ತು, ಕೊನೇಪಕ್ಷ ಡಬ್ಬದ ಮೇಲೆ ಒಂದು ಸ್ಟಿಕ್ಕರ್ ಅಂಟಿಸ್ಬೇಕಿತ್ತು, ಅದು ಮಾಡ್ಲಿಲ್ಲ, ಅಲ್ಲಿಗೆ ತಪ್ಪು ನಮ್ಮದೇ.

ಈಗ ಕಾರಣ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮಸ್ಟಾಂಗ್‌ನ ರೆಕ್ಕೆ ಆ ಕಾಲದ ಬೇರೆ ಫೈಟರ್‌ಗಳ ರೆಕ್ಕೆ ತರ ಅಲ್ಲ. ಸಾಮಾನ್ಯವಾಗಿ ರೆಕ್ಕೆ ಎಲ್ಲಕ್ಕಿಂತ ದಪ್ಪ ಇರೋದು ಮುಂದಿನ ಅಂಚಿಗೆ ಹತ್ತಿರ. ಮಸ್ಟಾಂಗ್‌ದು ಲ್ಯಾಮಿನಾರ್ ಫ್ಲೋ ರೆಕ್ಕೆ, ದಪ್ಪ ಭಾಗ ಇನ್ನೂ ಹಿಂದಕ್ಕೆ, ಹೆಚ್ಚುಕಮ್ಮಿ ಮಧ್ಯದ ಹತ್ತಿರ ಬರುತ್ತೆ, ಹಾಗಾಗಿ ಗಾಳಿ ರೆಕ್ಕೆ ಚರ್ಮಕ್ಕೆ ಅಂಟಿಕೊಂಡು ಪದರ ಪದರವಾಗಿ ಜಾಸ್ತಿ ದೂರ ನುಣ್ಣಗೆ ಹರಿಯಲಿ ಅನ್ನೋ ಲೆಕ್ಕಾಚಾರ. ಇದಕ್ಕೆ ಮೇಲ್ಮೈ ಗಾಜಿನ ತರ ಇರ್ಬೇಕು, ಒಂದು ಸಣ್ಣ ಉಬ್ಬು ಒಂದು ಸಂದು ಸಿಕ್ಕಿದ್ರೂ ಗಾಳಿ ಅಲ್ಲಿಂದಾಚೆ ಕದಡಿ ಹೋಗುತ್ತೆ. ಅದಕ್ಕೇ ಕಾರ್ಖಾನೇಲಿ ಏನ್ಮಾಡ್ತಿದ್ರು ಅಂದ್ರೆ, ಮುಂದಿನ ಅಂಚಿಂದ ಸುಮಾರು ಶೇಕಡ 40ರಷ್ಟು ಅಗಲದವರೆಗೆ ರಿವೆಟ್ ಗುಂಡಿ, ತಗಡಿನ ಜೋಡಣೆ ಸಂದು ಎಲ್ಲಕ್ಕೂ ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆದು, ಅದರ ಮೇಲೆ ಬಣ್ಣ. ಅಲ್ಲಿ ಕಣ್ಣಿಗೆ ಕಾಣ್ತಿದ್ದ ಗೆರೆ ಅಂದ್ರೆ ಮುಖ್ಯವಾಗಿ ಗನ್ ಬಾಗಿಲು, ಗುಂಡಿನ ಪೆಟ್ಟಿಗೆ ಬಾಗಿಲು, ಪೆಟ್ರೋಲ್ ತುಂಬೋ ಮುಚ್ಚಳ, ಅಂದ್ರೆ ನಿಜವಾಗ್ಲೂ ತೆಗೆದು ಹಾಕಬೇಕಾದಂಥವು. (ಯುದ್ಧಭೂಮೀಲಿ ಧೂಳು, ಹುಳ, ಮೆಕ್ಯಾನಿಕ್‌ಗಳ ಬೂಟು ಇವೆಲ್ಲದರ ನಡುವೆ ಆ ನುಣುಪು ಅಂದುಕೊಂಡಷ್ಟು ಉಳೀತಿರ್ಲಿಲ್ಲ ಅನ್ನೋದು ಬೇರೆ ಮಾತು. ಆದ್ರೂ ರೆಕ್ಕೆ ಒಳ್ಳೇ ರೆಕ್ಕೆನೇ.)

ಇಷ್ಟು ಗೊತ್ತಿದ್ರೂ ಹಳೇ ಕಿಟ್‌ನಲ್ಲಿ ರಿವೆಟ್ ಯಾಕೆ ಹಾಕಿದ್ರಿ ಅಂತ ಕೇಳಬಹುದು. ನಿಜ ಹೇಳ್ಬೇಕಂದ್ರೆ ಆಗ ಗೊತ್ತಿರ್ಲಿಲ್ಲ. ನಾವು ನೋಡಿಕೊಂಡು ಡ್ರಾಯಿಂಗ್ ಮಾಡಿದ್ದು ಈಗ ಹಾರ್ತಿರೋ ರಿಪೇರಿ ಆದ ಮಸ್ಟಾಂಗ್‌ಗಳ ಫೋಟೋ. ಅವನ್ನ ಮಾಲೀಕರು ಬಣ್ಣ, ಪುಟ್ಟಿ ಎಲ್ಲ ಕೆರೆದು ಕನ್ನಡಿ ತರ ಪಾಲಿಶ್ ಮಾಡಿ ಇಟ್ಟಿರ್ತಾರೆ, ಒಂದೊಂದು ರಿವೆಟ್ಟೂ ಎಣಿಸಬಹುದು, ನೋಡೋಕೆ ಸೊಗಸು, ಆದ್ರೆ ಅದು 1944ರ ವಿಮಾನ ಅಲ್ಲ. ಆ ಕಾಲದ ಕಪ್ಪುಬಿಳುಪು ಫೋಟೋ ಒಂದನ್ನ ದೊಡ್ಡದು ಮಾಡಿ ನೋಡಿ, ಮೈ ತಗಡು ಫಳಫಳ ಹೊಳೀತಿರುತ್ತೆ, ರೆಕ್ಕೆ ಮಾತ್ರ ಮಂಕು ಬೂದಿ ಬಣ್ಣದಲ್ಲಿ ಚಪ್ಪಟೆ ಕಾಣ್ಸುತ್ತೆ. ಕಿಟ್ ಬಿಟ್ಟ ಹೊಸದರಲ್ಲೇ ವಯಸ್ಸಾದ ಗ್ರಾಹಕರೊಬ್ರು ಇದನ್ನೇ ಎರಡು ಪುಟ ಬರೆದು ತಿಳಿಸಿದ್ರು. ನಾವು "ಧನ್ಯವಾದ ಸರ್, ಪರಿಶೀಲಿಸ್ತೀವಿ" ಅಂತ ಒಂದು ಸಾಲು ಬರೆದು ಸುಮ್ನಾದ್ವಿ, ಯಾಕಂದ್ರೆ ಆ ರಿವೆಟ್ ನೋಡಿಯೇ ಜನ ಕಿಟ್ ತಗೊಳ್ತಿದ್ರು. ಅವರ ಕ್ಷಮೆ ಕೇಳೋದು ಈ ಪತ್ರದ ಒಂದು ಉದ್ದೇಶ ಅಂದ್ಕೊಳ್ಳಿ.

ಇನ್ನೊಂದು ವಿಷಯ, ಇದು ನಮಗೆ ನಾಚಿಕೆ ತರಿಸಿದ್ದು. ಹಳೇ ರೆಕ್ಕೆ ಮೇಲಿನ ರಿವೆಟ್ ಗುಂಡೀನ ಅಳೆದು ನೋಡಿದ್ವಿ, 0.3 ಮಿ.ಮೀ. ಕಣ್ಣಿಗೆ ಚುಕ್ಕಿ ಅಷ್ಟೇ. ಅದನ್ನ 48ರಿಂದ ಗುಣಿಸಿ, 14 ಮಿ.ಮೀ. ಮೇಲಾಯ್ತು. ಅಂಗಿ ಗುಂಡಿಗಿಂತ ದೊಡ್ಡದು! ಅಷ್ಟು ದಪ್ಪ ರಿವೆಟ್ ಇದ್ರೆ ಅದು ಫೈಟರ್ ಅಲ್ಲ, ರೈಲ್ವೆ ಸೇತುವೆ. ಅದರ ಮೇಲೆ ಕಪ್ಪು ವಾಶ್ (ಗೆರೆ, ಗುಂಡಿಯೊಳಗೆ ಇಳಿಯೋ ತೆಳು ಬಣ್ಣ) ಬೇರೆ ಹಚ್ಚಿದ್ರೆ ಕೇಳೋದೇ ಬೇಡ, ರೆಕ್ಕೆ ಪೂರ್ತಿ ಇರುವೆ ಸಾಲು.

ಅಚ್ಚಿನ ಕೆಲಸ ಹೇಗಾಯ್ತು ಅಂತ ಕೆಲವರು ಕೇಳಿದೀರ. ಪ್ಲಾಸ್ಟಿಕ್ ಮೇಲೆ ಗುಂಡಿ ಇರೋ ಜಾಗದಲ್ಲಿ ಉಕ್ಕಿನ ಅಚ್ಚಿನಲ್ಲಿ ಉಬ್ಬು ಇರುತ್ತೆ, ಪ್ಲಾಸ್ಟಿಕ್ ಮೇಲಿನ ಗೆರೆ ಅಚ್ಚಿನಲ್ಲಿ ಎದ್ದ ದಿಣ್ಣೆ. ಹಾಗಾಗಿ ಇರೋ ರಿವೆಟ್ ತೆಗೆಯೋದು ಸುಲಭ, ಉಬ್ಬನ್ನ ಉಜ್ಜಿ ಸಮ ಮಾಡಿದ್ರೆ ಆಯ್ತು. ಇಲ್ಲದ ಗೆರೆ ಹೊಸದಾಗಿ ಹಾಕೋದು ಕಷ್ಟ, ಅಲ್ಲಿ ಲೋಹ ತುಂಬಿ ವೆಲ್ಡ್ ಮಾಡಿ ಮತ್ತೆ ಕೊರೀಬೇಕು. ಈ ಕಾರಣಕ್ಕೇ ಹೊಸ ಅಚ್ಚಿನ ಖರ್ಚಿಲ್ಲದೆ, ಬೆಲೆ ಏರಿಸದೆ ಈ ಬದಲಾವಣೆ ಮಾಡೋಕಾಗಿದ್ದು. ಕಲ್ಲಿನ ಕಡ್ಡಿ, ಆಮೇಲೆ ವಜ್ರದ ಪೇಸ್ಟ್, ಗನ್ ಬಾಗಿಲಿನ ದಿಣ್ಣೆಗಳ ಸುತ್ತ ಉಸಿರು ಬಿಗಿ ಹಿಡ್ಕೊಂಡು ಉಜ್ಜೋದು.

ಉಸಿರು ಬಿಗಿ ಹಿಡಿದ್ರೂ ಒಂದು ಕಡೆ ಕೈ ಜಾರ್ತು, ಅದನ್ನೂ ಹೇಳಿಬಿಡ್ತೀನಿ. ಎಡ ರೆಕ್ಕೆ ಮೇಲ್ಭಾಗದಲ್ಲಿ ಗುಂಡಿನ ಪೆಟ್ಟಿಗೆ ಬಾಗಿಲಿದೆಯಲ್ಲ, ಅದರ ಒಳಬದಿ ಗೆರೆ ಸುಮಾರು 8 ಮಿ.ಮೀ. ಉದ್ದಕ್ಕೆ ಮಸುಕಾಗಿದೆ. ಪೂರ್ತಿ ಹೋಗಿಲ್ಲ, ಓರೆ ಬೆಳಕಲ್ಲಿ ಹಿಡಿದ್ರೆ ಕಾಣುತ್ತೆ, ಪ್ರೈಮರ್ ದಪ್ಪಗೆ ಹೊಡೆದ್ರೆ ಮುಚ್ಚಿ ಹೋಗುತ್ತೆ. ಸರಿ ಮಾಡ್ಬೇಕಂದ್ರೆ ಮೇಲೆ ಹೇಳಿದ ವೆಲ್ಡಿಂಗ್ ಕೆಲಸ, ಅದು ಮುಂದಿನ ಬ್ಯಾಚಿಗೆ. ಅಲ್ಲಿವರೆಗೆ ಡಬ್ಬದೊಳಗೆ ಒಂದು ಸಣ್ಣ ಅಂಟು ಟೆಂಪ್ಲೇಟ್ ಹಾಕಿದೀವಿ, ಗೆರೆ ಪಕ್ಕಕ್ಕೆ ಅಂಟಿಸಿ ಸೂಜಿ ಹಿಡ್ಕೊಂಡು ಒತ್ತದೆ, ಬರೀ ಸೂಜಿ ಭಾರದಲ್ಲಿ ನಾಲ್ಕೈದು ಸಲ ಎಳೀರಿ, ಒಂದೇ ಸಲಕ್ಕೆ ಒತ್ತಿ ಎಳೆದ್ರೆ ಸೂಜಿ ದಾರಿ ತಪ್ಪುತ್ತೆ, ಆ ಗಾಯ ತುಂಬೋಕೆ ಇನ್ನೊಂದು ದಿನ.

ರೆಕ್ಕೆಯ ಹಿಂಭಾಗದಲ್ಲಿ ರಿವೆಟ್ ಹಾಗೇ ಬಿಟ್ಟಿದ್ದೀವಿ, ಆಳ ಮಾತ್ರ ಕಮ್ಮಿ ಮಾಡಿದೀವಿ, ಯಾಕಂದ್ರೆ ಪುಟ್ಟಿ ತುಂಬ್ತಿದ್ದದ್ದು ಮುಂಭಾಗಕ್ಕೆ. ಮೈ, ಬಾಲ ಯಾವುದನ್ನೂ ಮುಟ್ಟಿಲ್ಲ, ಅಲ್ಲಿ ರಿವೆಟ್ ಇರಬೇಕಾದ್ದೇ. ನಮ್ಮ ಬೇರೆ ಕಿಟ್‌ಗಳಲ್ಲೂ ಏನೂ ಬದಲಾಗಲ್ಲ, "ಇನ್ಮೇಲೆ ಮೆಸರ್‌ಸ್ಮಿಟ್ ರೆಕ್ಕೇನೂ ಬೋಳಿಸ್ತೀರಾ" ಅಂತ ಗಾಬರಿ ಬಿದ್ದೋರು ನಿದ್ದೆ ಮಾಡಿ.

ಸೂಚನಾ ಪತ್ರದಲ್ಲಿ ಬಣ್ಣದ ಪುಟ ಪೂರ್ತಿ ಬದಲಾಗಿದೆ, ದಯವಿಟ್ಟು ಹಳೇ ಅಭ್ಯಾಸದಲ್ಲಿ ಅದನ್ನ ನೋಡದೆ ಶುರು ಹಚ್ಕೋಬೇಡಿ. ಮುಂಚೆ "ಇಡೀ ವಿಮಾನಕ್ಕೆ ಬರೀ ಲೋಹದ ಬಣ್ಣ" ಅಂತ ಬರೆದಿದ್ವಿ, ಅದು ತಪ್ಪು. ಮೈಗೆ ಹೊಳೆಯೋ ಲೋಹದ ಬಣ್ಣ, ರೆಕ್ಕೆಗೆ ಬೆಳ್ಳಿ ಪೇಂಟ್, ಹೊಳಪು ಕಮ್ಮಿ ಇರೋದು. ಎರಡೂ ಬೆಳ್ಳಿಯೇ ಅಲ್ವಾ ಅಂತ ಕೇಳಬೇಡಿ, ಬೇರೆ ಬೇರೆ ಹೊಡೆದು ಪಕ್ಕದಲ್ಲಿಟ್ಟು ನೋಡಿ, ಇಡೀ ಮಾಡೆಲ್‌ಗೆ ಜೀವ ಬರೋದು ಆ ವ್ಯತ್ಯಾಸದಿಂದಲೇ. ರಡ್ಡರ್ (ಬಾಲದ ತಿರುಗೋ ಭಾಗ) ಬಟ್ಟೆ ಹೊದಿಸಿದ್ದು, ಹಾಗಾಗಿ ಅದಕ್ಕೂ ಪೇಂಟೇ, ಲೋಹದ ಹೊಳಪು ಬೇಡ. ಪೈಲಟ್ ಮುಂದೆ ಮೂಗಿನ ಮೇಲ್ಭಾಗಕ್ಕೆ ಆಲಿವ್ ಡ್ರಾಬ್ (ಮಂಕು ಹಸಿರು), ಬಿಸಿಲು ಕಣ್ಣಿಗೆ ಹೊಡೀಬಾರ್ದು ಅಂತ ಇದ್ದ ಪಟ್ಟಿ ಅದು. ಇನ್ನು ಚಕ್ರದ ಒಳಬಾಗಿಲು, ಹಳೇ ಚಿತ್ರದಲ್ಲಿ ಮುಚ್ಚಿದ ಹಾಗೆ ತೋರಿಸಿದ್ವಿ, ಈಗ ನೇತಾಡೋ ಹಾಗೆ ತೋರಿಸಿದೀವಿ, ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ್ರೆ ಹೈಡ್ರಾಲಿಕ್ ಒತ್ತಡ ಇಳಿದು ಅವು ತಾವಾಗೇ ಕೆಳಗೆ ಬಿಡ್ತಿದ್ವು. ಮುಚ್ಚಿದ್ದೇ ಇಷ್ಟ ಅಂದ್ರೆ ಹಾಗೂ ಅಂಟಿಸಬಹುದು, ಭಾಗ ಅದೇ.

ನುಣ್ಣಗಿನ ರೆಕ್ಕೆಯಿಂದ ನಿಮಗೊಂದು ಲಾಭ ಇದೆ, ನಾವೂ ಟೆಸ್ಟ್ ಪೀಸ್ ಕಟ್ಟಿದಾಗಲೇ ಗೊತ್ತಾಗಿದ್ದು. 1944ರ ಜೂನ್ 6ರ ನಾರ್ಮಂಡಿ ದಾಳಿ ಹೊತ್ತಲ್ಲಿ ಹಾಕಿದ ಕಪ್ಪುಬಿಳಿ ಪಟ್ಟಿ ಇದೆಯಲ್ಲ, ಮೂರು ಬಿಳಿ ಎರಡು ಕಪ್ಪು, ಒಂಟಿ ಇಂಜಿನ್ ವಿಮಾನದಲ್ಲಿ ಒಂದೊಂದು 18 ಇಂಚು ಅಗಲ, ನಮ್ಮ ಅಳತೇಲಿ 9.5 ಮಿ.ಮೀ. ಹಳೇ ರೆಕ್ಕೆ ಮೇಲೆ ಟೇಪ್ ಅಂಟಿಸಿ ಹೊಡೆದ್ರೆ ಬಣ್ಣ ಗೆರೆಗಳ ಒಳಗಿಂದ ನುಸುಳಿ ಆ ಕಡೆ ಮೀಸೆ ಬಿಡ್ತಿತ್ತು, ಈಗ ಟೇಪ್ ಕಿತ್ತರೆ ಅಂಚು ಚಾಕು ಇಟ್ಟ ಹಾಗೆ ಬರುತ್ತೆ. (ನಿಜವಾದ ಪಟ್ಟಿಗಳನ್ನ ಎಷ್ಟೋ ಕಡೆ ಗ್ರೌಂಡ್ ಸಿಬ್ಬಂದಿ ಅವಸರದಲ್ಲಿ ಬ್ರಶ್ ಹಿಡಿದು ಬಳಿದಿದ್ದು, ಅಷ್ಟು ನೀಟಾಗಿರ್ಲಿಲ್ಲ, ಅದನ್ನ ಹೇಳಿದ್ರೆ ನಮ್ಮ ಟೀಮಿನ ಒಬ್ರಿಗೆ ಸಿಟ್ಟು ಬರುತ್ತೆ, ಅವರು ಅಂಚು ನೀಟಾಗಿ ತರೋಕೆ ಒಂದು ಸಂಜೆ ಪೂರ್ತಿ ಕೂತಿದ್ರು.) ಡೀಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ಗುರುತಿನ ಸ್ಟಿಕ್ಕರ್) ಕೆಳಗೆ ಗಾಳಿ ಸಿಕ್ಕಿ ಬೆಳ್ಳಗೆ ಕಾಣೋ ಕಾಟವೂ ಮುಂಭಾಗದಲ್ಲಿ ಕಮ್ಮಿ ಆಗಿದೆ. ನಷ್ಟ ಅಂದ್ರೆ ವಾಶ್ ಪ್ರಿಯರಿಗೆ, ಅಲ್ಲಿ ವಾಶ್ ಕೂರೋಕೆ ಜಾಗವೇ ಇಲ್ಲ, ಬಾಗಿಲ ಗೆರೆಗಳಿಗೆ ಮಾತ್ರ ಬಿಟ್ಕೊಳ್ಳಿ.

ಹಳೇ ಕಿಟ್ ಕಟ್ಟದೆ ಕಪಾಟಿನಲ್ಲಿಟ್ಟಿರೋರು ಎರಡರಲ್ಲಿ ಒಂದು ಮಾಡಬಹುದು. ಡಬ್ಬದ ಬದಿಯಲ್ಲಿರೋ ಬ್ಯಾಚ್ ನಂಬರ್ ಬರೆದು ಕಳಿಸಿದ್ರೆ ಹೊಸ ರೆಕ್ಕೆಯ ಫ್ರೇಮ್ (ಬಿಡಿಭಾಗ ಅಂಟಿಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟು) ಉಚಿತವಾಗಿ ಕಳಿಸ್ತೀವಿ, ಹಳೇದು ವಾಪಸ್ ಬೇಡ, ಬಣ್ಣ ಟ್ರೈ ಮಾಡೋಕೆ ಇಟ್ಕೊಳ್ಳಿ. ಇಲ್ಲ ಅಷ್ಟು ಕಾಯೋ ತಾಳ್ಮೆ ಇಲ್ಲ ಅಂದ್ರೆ ಕಾರ್ಖಾನೆಯವರು ಮಾಡಿದ್ದನ್ನೇ ನೀವೂ ಮಾಡಿ. ರೆಕ್ಕೆಯನ್ನ ಸೋಪ್ ನೀರಲ್ಲಿ ತೊಳೆದು ಒಣಗಿಸಿ, ಲಿಕ್ವಿಡ್ ಪುಟ್ಟಿಯನ್ನ ಬ್ರಶ್‌ನಲ್ಲಿ ರಿವೆಟ್ ಸಾಲಿನ ಮೇಲೆ ಹಚ್ಚಿ, ಒಂದು ದಿನ ಪೂರ್ತಿ ಬಿಡಿ, ಒಣಗ್ತಾ ಅದು ಒಳಕ್ಕೆ ಕುಗ್ಗುತ್ತೆ, ಅದಕ್ಕೆ ಎರಡನೇ ಕೋಟ್ ಬೇಕೇ ಬೇಕು, ಮೊದಲನೇದರಲ್ಲೇ ಉಜ್ಜೋಕೆ ಕೂತ್ರೆ ಪೇಂಟ್ ಹೊಡೆದ ಮೇಲೆ ಎಲ್ಲಾ ರಿವೆಟ್ಟೂ ಮತ್ತೆ ಎದ್ದು ಬರುತ್ತೆ. ಆಮೇಲೆ 800ರ ವಾಟರ್ ಪೇಪರ್, ಕೊನೆಗೆ 1200, ನೀರು ಹಾಕ್ಕೊಂಡು. ಗನ್ ಬಾಗಿಲ ಗೆರೆಯೊಳಗೆ ಪುಟ್ಟಿ ಹೋಗಿದ್ರೆ ಸೂಜಿಯಿಂದ ಬಿಡಿಸಿ.

ಇಷ್ಟೆಲ್ಲ ಹೇಳಿದ ಮೇಲೂ "ನಂಗೆ ರಿವೆಟ್ಟೇ ಇಷ್ಟ, ಶೆಲ್ಫ್ ನಂದು, ವಿಮಾನ ನಂದು" ಅನ್ನೋರಿಗೆ ನಾವೇನು ಬೇಡ ಅನ್ನಲ್ಲ, ಪಾಲಿಶ್ ಮಾಡಿದ ಇವತ್ತಿನ ಮಸ್ಟಾಂಗ್ ಕಟ್ಟೋರಿಗಂತೂ ಅದೇ ಸರಿ. ಹಳೇ ರೆಕ್ಕೆ ಒಂದಿಷ್ಟು ಜೊತೆ ಉಳಿದಿವೆ, ಕೇಳಿದೋರಿಗೆ ಕೊಡ್ತೀವಿ, ಮುಗಿದ ಮೇಲೆ ಮಾಡಿಕೊಡೋಕಾಗಲ್ಲ, ಉಬ್ಬು ಉಜ್ಜಿ ಆಗಿದೆ.

ರೆಕ್ಕೆ ಫ್ರೇಮ್ ಕೇಳಿ ಈಗಾಗ್ಲೇ ಬರೆದಿರೋರು ಮತ್ತೆ ಬರೆಯೋದು ಬೇಡ, ನಿಮ್ಮ ಹೆಸರು ಪಟ್ಟಿಯಲ್ಲಿದೆ, ಬಂದ ಕ್ರಮದಲ್ಲೇ ಪ್ಯಾಕ್ ಮಾಡ್ತಿದೀವಿ. ಡಬ್ಬಕ್ಕೆ ಸ್ಟಿಕ್ಕರ್ ಕೂಡ ಪ್ರಿಂಟಿಗೆ ಹೋಗಿದೆ.

ಇಂತಿ,
ವಜ್ರದ ಪೇಸ್ಟ್ ಉಜ್ಜಿ ಉಗುರು ಕಪ್ಪಾಗಿರೋ ನಿಮ್ಮ ಕಿಟ್ ತಂಡ