ಜೈದ್ ಕಥೆ ಬರೆದು ಮುಗೀತು, ನಿಮಗೆಲ್ಲ ಥ್ಯಾಂಕ್ಸ್

ಮೊನ್ನೆ ರಾತ್ರಿ ಕೊನೆಯ ಪುಟ ಬರೆದು ಪೆನ್ನು ಕೆಳಗಿಟ್ಟೆ. ಒಟ್ಟು 212 ಪುಟ. ಇರಾಕಿನ ರಾಜಕುಮಾರ ಜೈದ್ ಬಿನ್ ಹುಸೇನ್ ಬಗ್ಗೆ, ಕನ್ನಡದಲ್ಲಿ, ಅದೂ ನಾನು. ನಮ್ಮ ಹತ್ತನೇ ಕ್ಲಾಸಿನ ಕನ್ನಡ ಮೇಷ್ಟ್ರಿಗೆ ಹೇಳಿದರೆ ನಂಬಲ್ಲ.

ಮೊದಲ ಥ್ಯಾಂಕ್ಸ್ ಕುವೈತಿನಲ್ಲಿ ನನ್ನ ಜೊತೆ ಸ್ಟೋರ್ ನೋಡಿಕೊಳ್ಳುತ್ತಿದ್ದ ದೋಸ್ತಿಗೆ. ಜೋರ್ಡಾನಿನ ಅಮ್ಮಾನಿನವರು, ನನಗಿಂತ ಹತ್ತು ವರ್ಷ ದೊಡ್ಡವರು. 14 ವರ್ಷ ದುಡಿದ ಕಂಪನಿ ಒಂದು ದಿನ ಖಲಾಸ್ ಅಂತ ಬಾಗಿಲು ಹಾಕಿತು. ಮೂರು ದಿನದಲ್ಲಿ ರೂಮು ಖಾಲಿ ಮಾಡಿ ಅಂದರು. ನಾನು ಅಳು ನುಂಗಿಕೊಂಡು ರಟ್ಟಿನ ಡಬ್ಬಕ್ಕೆ ಟೇಪು ಸುತ್ತುತ್ತಿದ್ದರೆ, ಈ ಮನುಷ್ಯ ಬಾಗಿಲಿಗೆ ಒರಗಿ ನಿಂತು, "ನಿನಗೆ ಮೂರು ದಿನ ಆದ್ರೂ ಕೊಟ್ಟಿದ್ದಾರೆ ಹಬೀಬಿ, ಪ್ರಿನ್ಸ್ ಜೈದ್‌ಗೆ ಕೊಟ್ಟಿದ್ದು ಬರೀ 24 ಗಂಟೆ" ಅಂದರು. ಕೆಟ್ಟ ಕೋಪ ಬಂತು. ಊರಿಗೆ ಬಂದ ಮೇಲೆ, ಕೆಲಸ ಇಲ್ಲದ ಮಧ್ಯಾಹ್ನಗಳಲ್ಲಿ, ಯಾರಪ್ಪಾ ಈ ಜೈದ್ ಅಂತ ಸುಮ್ನೆ ಹುಡುಕಿದೆ. ಅಲ್ಲಿಂದ ಶುರು.

ಮೆಕ್ಕಾದ ಷರೀಫ್, ಅಂದರೆ ಅಲ್ಲಿನ ಆಡಳಿತಗಾರ, ಹುಸೇನರ ಕೊನೇ ಮಗ. ಹುಟ್ಟಿದ್ದು 1898ರಲ್ಲಿ ಇಸ್ತಾಂಬುಲ್‌ನಲ್ಲಿ. ತಾಯಿ ತುರ್ಕಿಯವರು. ಆದರೂ 1916ರಲ್ಲಿ ಅಪ್ಪ ತುರ್ಕಿಯ ಒಟ್ಟೋಮನ್ನರ ವಿರುದ್ಧ ತಿರುಗಿ ಬಿದ್ದಾಗ ಮಗ ಅಪ್ಪನ ಕಡೆ ನಿಂತು ಹೋರಾಡಿದರು. ಅಣ್ಣಂದಿರು ಮೂವರೂ ರಾಜರಾದರು, ಅಲಿ ಮೆಕ್ಕಾ ಇರುವ ಹಿಜಾಜಿಗೆ, ಅಬ್ದುಲ್ಲಾ ಜೋರ್ಡಾನಿಗೆ, ಫೈಸಲ್ ಇರಾಕಿಗೆ. ಇವರ ಪಾಲಿಗೆ ಬಂದಿದ್ದು ಇರಾಕಿನ ರಾಯಭಾರಿ ಕೆಲಸ. ಬರ್ಲಿನ್ ಆಯಿತು, 1946ರಿಂದ ಲಂಡನ್. ನನ್ನ ಕೇಳಿದರೆ ಅದೇ ಒಳ್ಳೇದಾಯಿತು.

ಯಾಕೆ ಅಂದರೆ, ಬೇಸಿಗೆಯಲ್ಲಿ ರಾಜ ಎರಡನೇ ಫೈಸಲ್ ರಜೆಗೆ ಹೋದಾಗ ಜೈದ್ ಬಾಗ್ದಾದಿಗೆ ಹೋಗಿ ಆಡಳಿತ ನೋಡಿಕೊಳ್ಳುವುದು ರೂಢಿ, ಆ ಹುಡುಗನಿಗೆ ಇವರು ಚಿಕ್ಕಜ್ಜ ಆಗಬೇಕು. 1958ರಲ್ಲಿ ಹೆಂಡತಿ ಫಹ್ರೆಲ್‌ನಿಸಾ, ಈ ಸಲ ಬಾಗ್ದಾದ್ ಬೇಡ, ಇಟಲಿಯ ಇಸ್ಕಿಯಾ ದ್ವೀಪದಲ್ಲಿ ನಮ್ಮದೇ ಹೊಸ ಮನೆ ಇದೆಯಲ್ಲ, ಅಲ್ಲಿಗೆ ಹೋಗೋಣ ಅಂತ ಒಪ್ಪಿಸಿದರು. ಹೋದರು. ಜುಲೈ 14ರಂದು ಬಾಗ್ದಾದಿನಲ್ಲಿ ಸೈನ್ಯ ದಂಗೆ ಎದ್ದು ರಾಜನನ್ನೂ ಮನೆಯವರನ್ನೂ ಕೊಂದಿತು. ರಾಜನಿಗೆ 23 ವರ್ಷ. ಲಂಡನ್ನಿನ ರಾಯಭಾರ ಕಚೇರಿ ಖಾಲಿ ಮಾಡಲು ಇವರಿಗೆ ಸಿಕ್ಕಿದ್ದು ನಮ್ಮ ದೋಸ್ತ್ ಹೇಳಿದ ಆ 24 ಗಂಟೆ.

ಅಲ್ಲಿಂದ ಒಂದು ಫ್ಲ್ಯಾಟ್. ಫಹ್ರೆಲ್‌ನಿಸಾ ದೊಡ್ಡ ಚಿತ್ರ ಕಲಾವಿದೆ, ಅಡುಗೆಮನೆ ಕಂಡವರಲ್ಲ. ಜೀವನದಲ್ಲಿ ಮೊದಲ ಸಲ ಅಡುಗೆ ಮಾಡಿದ್ದು 57ನೇ ವಯಸ್ಸಿನಲ್ಲಿ. ಆಮೇಲೆ ಊಟ ಆಗಿ ಉಳಿದ ಕೋಳಿ ಮೂಳೆಗಳಿಗೇ ಬಣ್ಣ ಬಳಿಯಲು ಶುರು ಮಾಡಿದರು! ಅವನ್ನು ರಾಳದೊಳಗೆ ಹುದುಗಿಸಿ ಕಲಾಕೃತಿ ಮಾಡಿದರು.

ಇದನ್ನು ಓದಿದ ರಾತ್ರಿ ನಮ್ಮ ಮನೆಯಲ್ಲಿ ಕೋರಿ ರೊಟ್ಟಿ. ಊಟ ಮುಗಿದರೂ ನಾನು ಎದ್ದಿರಲಿಲ್ಲ. ತಟ್ಟೆಯಲ್ಲಿ ಒಂದು ಕಾಲಿನ ಮೂಳೆ, ತುದಿಯಲ್ಲಿ ಮಸಾಲೆ ಕೆಂಪು ಹಾಗೇ ಇತ್ತು, ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. "ಇನ್ನೂ ಬಡಿಸಬೇಕಾ?" ಅಂದಳು ನನ್ನ ಹೆಂಡತಿ. ಎರಡು ವರ್ಷ ಹೊಲಿಗೆ ಮಿಷಿನ್ ತುಳಿದು ಮನೆ ನಡೆಸಿದವಳು ಅವಳೇ. ಕೆಲಸ ಹುಡುಕೋದು ಬಿಟ್ಟು ಯಾವುದೋ ರಾಜನ ಹಿಂದೆ ಬಿದ್ದಿದ್ದೀರಲ್ಲ ಅಂತ ಒಂದೇ ಒಂದು ಸಲ ಕೇಳಿದಳು, ಆಮೇಲೆ ಕೇಳಲಿಲ್ಲ. ಅವಳಿಗೆ ಥ್ಯಾಂಕ್ಸ್ ಅಂದರೆ ಬೈಸಿಕೊಳ್ಳುತ್ತೇನೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕನನ್ನು ಮರೆಯೋ ಹಾಗಿಲ್ಲ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡ್ತೀವಲ್ವಾ, ಅಲ್ಲೂ ಹಾಗೇ. ಮೊಮ್ಮಗ ಜೈದ್ 2014ರಿಂದ 2018ರವರೆಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಆಗಿದ್ದವರು. ನಾನು ಇಬ್ಬರನ್ನೂ ಕಲಸಿಬಿಟ್ಟಿದ್ದೆ. ಅಕ್ಕ ಬೆಳಗ್ಗೆ ಆರಕ್ಕೇ ಫೋನ್ ಮಾಡಿ, "1970ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ ಮನುಷ್ಯನನ್ನ 2014ರಲ್ಲಿ ಜಿನೀವಾಕ್ಕೆ ಕೆಲಸಕ್ಕೆ ಕಳಿಸಿದ್ದೀಯಲ್ಲೋ" ಅಂದಳು. ಒಂದು ಇಡೀ ಅಧ್ಯಾಯ ಹರಿದು ಹಾಕಿದೆ.

ಕೈಬರಹವನ್ನೆಲ್ಲ ಟೈಪ್ ಮಾಡಿಕೊಟ್ಟ ಪಕ್ಕದ ಮನೆ ಹುಡುಗಿಗೆ, ನನ್ನ ಅಕ್ಷರ ಓದಿದ್ದಕ್ಕೇ ಬೇರೆ ಥ್ಯಾಂಕ್ಸ್ ಹೇಳಬೇಕು.

ದೋಸ್ತಿಗೆ ಮೆಸೇಜ್ ಹಾಕಿದೆ. ಅವರಿಗೆ ಕನ್ನಡ ಬರಲ್ಲ. ಶುಕ್ರವಾರ ರಜ, ಫೋನ್ ಮಾಡು, ನಿನ್ನ ಹರಕು ಅರಬಿಯಲ್ಲೇ ಹೇಳು, ಮೊದಲು 24 ಗಂಟೆಯ ಪುಟ ಓದು ಅಂದಿದ್ದಾರೆ. ಅದರಲ್ಲಿ ಅವರೂ ಬಂದಿದ್ದಾರೆ, ಬಾಗಿಲಿಗೆ ಒರಗಿಕೊಂಡು. ಅದನ್ನಿನ್ನೂ ಹೇಳಿಲ್ಲ.