ನಡಿಗೆ ಓದಲು ಕಲಿಯುವ ಮಕ್ಕಳಿಗೆ ಹನ್ನೆರಡು ಕಂಪ್ಯೂಟರ್ ಬೇಕಾಗಿವೆ

ಮಾನ್ಯರೇ,

ಕಳೆದ ತಿಂಗಳು ಮಾನ್ವಿ ಕಡೆಯ ಹಿರಿಯರೊಬ್ಬರು ರಾಯಚೂರಿನ ನಮ್ಮ ಫಿಸಿಯೋಥೆರಪಿ ಕಾಲೇಜಿಗೆ ಚಿಕಿತ್ಸೆಗೆ ಬಂದಿದ್ದರು. ಲಕ್ವ ಹೊಡೆದು ಬಲಗಾಲು ಸೋತಿತ್ತು. ವಿದ್ಯಾರ್ಥಿಗಳು ನೋಡಲೆಂದು ನಮ್ಮ ಅಧ್ಯಾಪಕಿ ಆ ಹಿರಿಯರನ್ನು ಗೋಡೆಗುಂಟ ಎರಡು ಸಲ ನಡೆಸಿದರು. ಅಷ್ಟಕ್ಕೇ ಅವರು ಸೊಸೆಯ ಭುಜ ಹಿಡಿದು ಬೆಂಚಿನ ಮೇಲೆ ಕೂತುಬಿಟ್ಟರು. "ಸಾಕ್ರೀ ಮೇಡಂ, ಕಾಲು ಏಳವಲ್ದು." ಇನ್ನೊಮ್ಮೆ ನಡೆಯಿರಿ ಎನ್ನಲು ಯಾರಿಗೂ ಮನಸ್ಸಾಗಲಿಲ್ಲ, ಆಗಲೂಬಾರದು. ಹಿಂದೆ ನಿಂತಿದ್ದ ಅರ್ಧ ತರಗತಿಗೆ ಮಾತ್ರ ಏನೂ ಕಂಡಿರಲಿಲ್ಲ.

ಅಲ್ಲಿ ನೋಡಬೇಕಾದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ನಡೆಯುವಾಗ ಒಂದೊಂದು ಕಾಲೂ ನೂರರಲ್ಲಿ ಸುಮಾರು 60 ಪಾಲು ಹೊತ್ತು ನೆಲದ ಮೇಲಿರುತ್ತದೆ, 40 ಪಾಲು ಗಾಳಿಯಲ್ಲಿ. ಪಾದ ಎತ್ತುವ ಸ್ನಾಯು ಸೋತಿದ್ದರೆ ಹಿಮ್ಮಡಿಗಿಂತ ಮೊದಲು ಬೆರಳು ನೆಲಕ್ಕೆ ತಾಗುತ್ತದೆ. ಮೊಣಕಾಲು ಮಡಚದಿದ್ದರೆ ಕಾಲನ್ನು ಹೊರಗಿನಿಂದ ಬಳಸಿ ತರುತ್ತಾರೆ. ಯಾವುದು ಯಾಕೆ ಎಂದು ತಿಳಿಯದೆ ವ್ಯಾಯಾಮ ಹೇಳಿದರೆ ಪ್ರಯೋಜನವಿಲ್ಲ. ಅದೇ ನಡಿಗೆಯನ್ನು ಒಮ್ಮೆ ವಿಡಿಯೊ ಮಾಡಿಕೊಂಡರೆ ಕಂಪ್ಯೂಟರಿನಲ್ಲಿ ನಿಧಾನಿಸಿ, ಬೇಕಾದಲ್ಲಿ ನಿಲ್ಲಿಸಿ, ಮೊಣಕಾಲಿನ ಕೋನ ಅಳೆದು, ಎಷ್ಟು ಸಲವಾದರೂ ನೋಡಬಹುದು. ರೋಗಿಗೆ ದಣಿವಿಲ್ಲ. ಇದಕ್ಕೆ ಬೇಕಾದ ಕಿನೋವಿಯಾದಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಇಲ್ಲದ್ದು ಕಂಪ್ಯೂಟರ್.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ದೇವದುರ್ಗ, ಮಸ್ಕಿ, ಸಿಂಧನೂರು ಕಡೆಯವರು, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಪಾದ ಎತ್ತುವ ಸ್ನಾಯುವಿನ ಹೆಸರು 'ಟಿಬಿಯಾಲಿಸ್ ಆಂಟೀರಿಯರ್' ಎಂದು ಬಾಯಿಪಾಠ ಒಪ್ಪಿಸುತ್ತಾರೆ, ನಿನ್ನ ಕಾಲಲ್ಲೇ ತೋರಿಸು ಎಂದರೆ ಕೈ ತಡವರಿಸುತ್ತದೆ. ಅದಕ್ಕೇ ನಮ್ಮ ಅಧ್ಯಾಪಕರು ವಿಡಿಯೊಗಳಿಗೆ ತಾವೇ ಕನ್ನಡದಲ್ಲಿ ವಿವರಣೆ ಕೂಡಿಸುತ್ತಿದ್ದಾರೆ. ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ಚಿತ್ರೀಕರಣವಿಲ್ಲ, ಮುಖವನ್ನೂ ತೋರಿಸುವುದಿಲ್ಲ.

ಪರದೆ ಬಂದರೆ ಮೈಮುಟ್ಟಿ ಕಲಿಯುವುದು ತಪ್ಪೀತೇ ಎಂದು ಹಿತೈಷಿಗಳೊಬ್ಬರು ಕೇಳಿದರು. ಆ ಆತಂಕ ನಮಗೂ ಇದೆ. ಸ್ನಾಯು ಎಷ್ಟು ಬಿಗಿದಿದೆ ಎಂಬುದು ಅಂಗೈಗೇ ಗೊತ್ತಾಗಬೇಕು. ಪ್ರಾಯೋಗಿಕ ತರಗತಿಯಲ್ಲಿ ಒಂದು ಗಂಟೆಯನ್ನೂ ಕಡಿಮೆ ಮಾಡುವುದಿಲ್ಲ. ಕಂಪ್ಯೂಟರ್ ಪಾಠ ಅದರ ಹಿಂದಿನ ದಿನದ ತಯಾರಿಗೆ.

ಬೇಕಾಗಿರುವುದು 12 ಕಂಪ್ಯೂಟರ್, ಒಂದು ಪ್ರೊಜೆಕ್ಟರ್, ಕರೆಂಟ್ ಹೋದಾಗ ಕೈಹಿಡಿಯುವ ಯುಪಿಎಸ್. ಸುಸ್ಥಿತಿಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಕೊಟ್ಟರೂ ಸಂತೋಷದಿಂದ ಪಡೆಯುತ್ತೇವೆ. ಹಣ ಕೊಡುವವರು ಟ್ರಸ್ಟಿನ ಹೆಸರಿಗೆ ಚೆಕ್ ಕೊಡಿ ಅಥವಾ ಬ್ಯಾಂಕ್ ಖಾತೆಗೆ ಹಾಕಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ನೂರು ರೂಪಾಯಿಗೂ ರಶೀದಿ ಉಂಟು. ಕೊಂಡ ಸಾಮಾನಿನ ಬಿಲ್ಲುಗಳನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕುತ್ತೇವೆ.

ಕೊಡುವ ಮೊದಲು ಒಮ್ಮೆ ಬಂದು ನೋಡಬೇಕೆನ್ನುವವರು ಬೆಳಗಿನ ಹೊತ್ತು ಬನ್ನಿ, ಆಗ ರೋಗಿಗಳೂ ಮಕ್ಕಳೂ ಇರುತ್ತಾರೆ.

ಇಂತಿ,
ಟ್ರಸ್ಟಿನ ಪರವಾಗಿ, ಕಾರ್ಯದರ್ಶಿ