ಸಿಂಕೋನಾ ಬರಹಗಳ ಕುರಿತು ಸೂಚನೆ

ಸದಸ್ಯರೇ, ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಸಿಂಕೋನಾ ಮರದ ತೊಗಟೆಯ ಔಷಧವನ್ನು ಯುರೋಪಿಯನ್ನರು ಕಂಡುಹಿಡಿದರೆಂದು ದಯವಿಟ್ಟು ಬರೆಯಬೇಡಿ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಜನರಿಗೆ ಮೊದಲೇ ಗೊತ್ತಿದ್ದ ಆ ಕಹಿ ತೊಗಟೆಯ ಮರದ ಬೀಜ, ಸಸಿಗಳನ್ನು ಹೊರಗೆ ಬಿಡಲು ಅಲ್ಲಿನ ದೇಶಗಳು ಒಪ್ಪದಿದ್ದರೂ, 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ನೇತೃತ್ವದ ಬ್ರಿಟಿಷ್ ತಂಡಗಳು ಅವನ್ನು ಸಾಗಿಸಿದವು, ನೀಲಗಿರಿಯಲ್ಲಿ ತೋಟಗಳೆದ್ದವು.

ನನ್ನನ್ನು ಹೆಚ್ಚು ಕಾಡುವುದು ಬೊಲಿವಿಯಾದ ಮ್ಯಾನುಯೆಲ್ ಇಂಕ್ರಾ ಮಾಮಾನಿಯವರ ಕಥೆ. ತೊಗಟೆಯ ಗುಣವನ್ನು ಮರ ನೋಡಿಯೇ ಅರಿಯುತ್ತಿದ್ದ ಅವರು ಆರಿಸಿ ತಂದ ಬೀಜಗಳು 1865ರಲ್ಲಿ ಬ್ರಿಟಿಷ್ ವ್ಯಾಪಾರಿ ಚಾರ್ಲ್ಸ್ ಲೆಜರ್ ಮೂಲಕ ಡಚ್ಚರ ಕೈಸೇರಿ, ಮುಂದೆ ಜಗತ್ತಿನ ಬಹುಪಾಲು ಕ್ವಿನೈನ್ (ಆ ತೊಗಟೆಯಿಂದ ತೆಗೆಯುವ ಔಷಧ) ಅವರ ವಸಾಹತಾಗಿದ್ದ ಜಾವಾದಿಂದಲೇ ಬರುವಂತಾಯಿತು. ಲೆಜರ್‌ಗಾಗಿ ಬೀಜ ಸಂಗ್ರಹಿಸಿದ್ದಕ್ಕೆ ಬಂಧಿತರಾದ ಮಾಮಾನಿ ಸೆರೆಮನೆಯ ಹೊಡೆತಗಳಿಂದ ತೀರಿಕೊಂಡರು. ಗಿಡಕ್ಕೆ ಮಾತ್ರ ಲೆಜರ್ ಹೆಸರಿನಿಂದ ‘ಲೆಜೆರಿಯಾನಾ’ ಎಂಬ ಹೆಸರಾಯಿತು. ಆ ಗಿಡದ ಚಿತ್ರ ಹಾಕುವಾಗ ಮಾಮಾನಿಯವರ ಹೆಸರನ್ನೂ ಬರೆಯಬೇಕೆಂದು ಕೋರುತ್ತೇನೆ.